ಮಾಕುಟ್ಟದ ಮಳೆ, ಅಡುಗೆಮನೆಯ ಉಪಾಯ

ಮಳೆಗಾಲದಲ್ಲಿ ಅಡುಗೆಮನೆಗೆ ಬರುವ ತೊಂದರೆಗಳಲ್ಲಿ ಬಹುಪಾಲು ತೇವದಿಂದ ಹುಟ್ಟಿದವು. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಒಣಮೆಣಸಿಗೆ ಬೂಷ್ಟು ಹಿಡಿಯುತ್ತದೆ, ಅಕ್ಕಿಯಲ್ಲಿ ಹುಳ ಏಳುತ್ತದೆ. ಜೊತೆಗೆ ಚಳಿಯೂ ಸೇರಿಕೊಂಡರೆ ದೋಸೆ ಹಿಟ್ಟು ಉಬ್ಬುವುದಿಲ್ಲ, ಹಾಲು ಹೆಪ್ಪಾಗುವುದಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಕಡೆ ಇದು ದಿನನಿತ್ಯದ ಪಾಡು. ಕೊಡಗಿನ ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ದಟ್ಟ ಕಾಡಿನ ನಡುವೆ ಘಾಟಿ ಇಳಿದು, ಕೇರಳದ ಕೂಟುಪುಳ ಮತ್ತು ಇರಿಟ್ಟಿಯ ಕಡೆಗೆ ಹೋಗುವ ರಸ್ತೆಯಲ್ಲಿ ಗಡಿಗೆ ತಾಗಿಕೊಂಡಿರುವ ಮಾಕುಟ್ಟ ಅಂಥ ಊರು. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಈ ಘಾಟಿ ರಸ್ತೆಯೇ ಬಂದ್ ಆಗಿತ್ತು. ಇಂಥ ಕಡೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಫ್ರಿಜ್ಜು ನಿಲ್ಲುತ್ತದೆ, ಪೇಟೆಗೆ ಹೋಗಿಬರುವ ಕೆಲಸ ನಾಳೆಗೆ ಬೀಳುತ್ತದೆ. ಮನೆಯಲ್ಲಿರುವ ಸಾಮಾನು ಕೆಡದಂತೆ ನೋಡಿಕೊಳ್ಳುವುದು, ಹದ ತಪ್ಪಿದ ಅಡುಗೆಯನ್ನು ಸರಿಪಡಿಸುವುದು ಇಲ್ಲಿ ಅಡುಗೆ ಮಾಡುವಷ್ಟೇ ದೊಡ್ಡ ವಿದ್ಯೆ. ಹಿರಿಯರಿಂದ ಬಂದ ಉಪಾಯಗಳಲ್ಲಿ ಹೆಚ್ಚಿನವು ಸರಿಯಾದವೇ. ಕೆಲವು ಅರ್ಧ ನಿಜ, ಒಂದೆರಡು ಜೀವಕ್ಕೇ ಅಪಾಯ. ಯಾವುದು ಯಾಕೆ ಫಲಿಸುತ್ತದೆ ಎಂದು ತಿಳಿದವರಿಗೆ ಅವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ.

ಉಪ್ಪಿನಿಂದಲೇ ಶುರುಮಾಡಬಹುದು. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿತೆಂದರೆ ಶುದ್ಧ ಉಪ್ಪೂ ಗಾಳಿಯಲ್ಲಿನ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಂ ಲವಣಗಳು ಅದಕ್ಕಿಂತ ಕಡಿಮೆ ತೇವಕ್ಕೇ ನೀರಾಗುತ್ತವೆ. ಮಳೆಗಾಲದ ಘಾಟಿಯಲ್ಲಿ ಆರ್ದ್ರತೆ ಅದಕ್ಕಿಂತ ಎಷ್ಟೋ ಮೇಲಿರುವುದರಿಂದ ತೆರೆದಿಟ್ಟ ಉಪ್ಪು ನೀರಾಗುವುದನ್ನು ತಡೆಯುವುದು ಅಸಾಧ್ಯ. ಗಾಳಿಯಾಡದ ಮುಚ್ಚಳ ಒಂದೇ ನಿಜವಾದ ಪರಿಹಾರ. ಹುರಿದು ತಣಿಸಿದ ಒಂದು ಚಮಚ ಅಕ್ಕಿಯನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ಡಬ್ಬದೊಳಗೆ ಇಟ್ಟರೆ ಡಬ್ಬ ತೆರೆದಾಗ ಒಳನುಗ್ಗುವ ತೇವವನ್ನು ಅಕ್ಕಿ ಹೀರಿಕೊಳ್ಳುತ್ತದೆ. ಆದರೆ ಹುರಿಯದ ಅಕ್ಕಿ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಅದರಲ್ಲೇ ಆಗಲೇ ತೇವ ತುಂಬಿರುತ್ತದೆ. ವಾರಕ್ಕೊಮ್ಮೆ ಆ ಅಕ್ಕಿಯನ್ನು ಮತ್ತೆ ಬಾಣಲೆಯಲ್ಲಿ ಬಿಸಿ ಮಾಡಿಕೊಳ್ಳಬೇಕು. ಉಪ್ಪಿನ ಡಬ್ಬವನ್ನು ಒಲೆಯ ಪಕ್ಕ ಇಡುವ ರೂಢಿ ಅಯೋಡಿನ್ ಉಪ್ಪಿಗೆ ಒಗ್ಗದು. ಬಿಸಿ ಮತ್ತು ತೇವಕ್ಕೆ ಅಯೋಡಿನ್ ಕಡಿಮೆಯಾಗುತ್ತದೆ. ಮುಚ್ಚಿಟ್ಟ ಡಬ್ಬ ಒಲೆಯಿಂದ ತುಸು ದೂರದಲ್ಲೇ ಇರಲಿ.

ಮಸಾಲೆಪುಡಿ, ಕಾಫಿಪುಡಿ, ಸಕ್ಕರೆ ಗಂಟುಕಟ್ಟುವುದಕ್ಕೂ ಕಾರಣ ಅದೇ. ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಹುರಿದು ಪುಡಿಮಾಡಿದ ಸಾಂಬಾರುಪುಡಿಯನ್ನು ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗಿನ ಆವಿ ಮುಚ್ಚಳದ ಕೆಳಗೆ ಹನಿಗಟ್ಟಿ ಪುಡಿಯ ಮೇಲೆ ಬೀಳುತ್ತದೆ. ಹದಿನೈದು ದಿನಕ್ಕೆ ಬೂಷ್ಟು ಬರುವುದು ಆ ನೀರಿನಿಂದ. ಪುಡಿ ಅಗಲವಾದ ತಟ್ಟೆಯಲ್ಲಿ ಪೂರ್ತಿ ತಣಿದ ಮೇಲೆ, ಒಣಗಿದ ಡಬ್ಬಕ್ಕೆ, ಒಣಗಿದ ಚಮಚದಿಂದ ತುಂಬಬೇಕು. ದಿನಬಳಕೆಗೆ ಚಿಕ್ಕ ಡಬ್ಬ, ಉಳಿದದ್ದಕ್ಕೆ ದೊಡ್ಡ ಡಬ್ಬ ಎಂದು ಎರಡು ಮಾಡಿಕೊಂಡರೆ ದೊಡ್ಡದು ಪದೇಪದೇ ತೆರೆಯುವುದು ತಪ್ಪುತ್ತದೆ. ಮೆತ್ತಗಾದ ಹಪ್ಪಳವನ್ನು ಕರಿಯುವ ಮೊದಲು ಬಿಸಿ ಕಾವಲಿಯ ಮೇಲೆ ಎರಡೂ ಕಡೆ ಕ್ಷಣಕಾಲ ಒತ್ತಿ ಆರಿಸಿಕೊಂಡರೆ ಮೊದಲಿನ ಹಾಗೆ ಅರಳುತ್ತದೆ.

ಬೂಷ್ಟಿನ ವಿಷಯದಲ್ಲಿ ಮಾತ್ರ ಉಳಿತಾಯದ ಬುದ್ಧಿ ಬೇಡ. ಕಡಲೆಕಾಯಿ ಬೀಜ, ಕೊಬ್ಬರಿ, ಜೋಳ, ಒಣಮೆಣಸುಗಳ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. ಇದು ಯಕೃತ್ತನ್ನು ಕೆಡಿಸುವಂಥದ್ದು, ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಬೂಷ್ಟನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಾಕುವುದು, ತೊಳೆದು ಹುರಿಯುವುದು, ಕೆಟ್ಟ ಕೊಬ್ಬರಿಯನ್ನು ಎಣ್ಣೆಗೆ ಕಳಿಸುವುದು, ಇವು ಯಾವುವೂ ವಿಷವನ್ನು ತೆಗೆಯುವುದಿಲ್ಲ. ಬೂಷ್ಟು ಹಿಡಿದದ್ದನ್ನು ಎಸೆಯಲೇಬೇಕು, ದನಕರುಗಳ ಮುಂದೆಯೂ ಹಾಕಬಾರದು. ಉಪ್ಪಿನಕಾಯಿಗೆ ಬೂಷ್ಟು ಬರುವುದು ಗಾಳಿ ತಾಗುವ ಮೇಲ್ಭಾಗದಲ್ಲಿ. ಹೋಳುಗಳು ಉಪ್ಪುನೀರಿನಲ್ಲೋ ಎಣ್ಣೆಯಲ್ಲೋ ಪೂರ್ತಿ ಮುಳುಗಿದ್ದರೆ ಅದಕ್ಕೆ ಎಡೆಯಿರುವುದಿಲ್ಲ. ಕೊಡಗಿನ ಮನೆಗಳಲ್ಲಿ ಬೇಸಗೆಯ ಕಾಡುಮಾವಿನಕಾಯಿಯನ್ನು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿ ಮಳೆಗಾಲದ ಸಾರಿಗೆ ಉಳಿಸಿಕೊಳ್ಳುವುದು ಇದೇ ತತ್ವದ ಮೇಲೆ. ಮೇಲೆ ಒಂದು ಚಿಕ್ಕ ತಟ್ಟೆ ಇಟ್ಟು, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು ಹೇರಿದರೆ ಕಾಯಿಗಳು ತೇಲಿ ಮೇಲೆ ಬರುವುದಿಲ್ಲ.

ಅಕ್ಕಿಯ ಹುಳಕ್ಕೆ ಬೇವಿನ ಸೊಪ್ಪು, ಒಣಮೆಣಸು, ಬೆಳ್ಳುಳ್ಳಿ ಹಾಕುವುದು ಎಲ್ಲ ಕಡೆ ಇರುವ ಪದ್ಧತಿ. ಇವು ಹೊಸ ಹುಳ ಹತ್ತಿರ ಬರದಂತೆ ತಕ್ಕಮಟ್ಟಿಗೆ ತಡೆಯುತ್ತವೆ. ಆದರೆ ಸೊಂಡಿಲು ಹುಳ ಅಕ್ಕಿಯ ಕಾಳನ್ನೇ ಕೊರೆದು ಒಳಗೆ ಮೊಟ್ಟೆಯಿಟ್ಟಿದ್ದರೆ ವಾಸನೆಗೆ ಅದು ಸಾಯುವುದಿಲ್ಲ, ಮರಿ ಒಳಗೇ ಬೆಳೆದು ಹೊರಬರುತ್ತದೆ. ಅಂಗಡಿಯಿಂದ ತಂದ ಅಕ್ಕಿಯಲ್ಲಿ ಸಂಶಯವಿದ್ದರೆ, ಫ್ರೀಜರಿನಲ್ಲಿ ಜಾಗವಿರುವವರು ಸ್ವಲ್ಪಸ್ವಲ್ಪವಾಗಿ ಮೂರು-ನಾಲ್ಕು ದಿನ ಇಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಬಿಸಿಲು ಬಿದ್ದ ದಿನ ಹರಡಿ ಆರಿಸುವುದು ಇನ್ನೊಂದು ದಾರಿ. ತೊಗರಿಬೇಳೆಗೆ ಒಂದೆರಡು ಚಮಚ ಹರಳೆಣ್ಣೆ ಸವರಿಡುವುದು ಒಳ್ಳೆಯ ಉಪಾಯ. ಎಣ್ಣೆಯ ತೆಳು ಪದರ ಹುಳುವಿನ ಉಸಿರಾಟವನ್ನೂ ಮೊಟ್ಟೆಯನ್ನೂ ಹಾಳುಮಾಡುತ್ತದೆ. ಬೋರಿಕ್ ಪುಡಿ ಬೆರೆಸಿಡುವ ಪದ್ಧತಿಯನ್ನು ಮಾತ್ರ ಕೈಬಿಡಬೇಕು. ಅದು ವಿಷ. ಎಷ್ಟು ತೊಳೆದರೂ ಪೂರ್ತಿ ಹೋಯಿತೆಂಬ ಭರವಸೆಯಿಲ್ಲ.

ಈ ಎಲ್ಲದಕ್ಕೂ ಹಳೆಯ ಮನೆಗಳಲ್ಲಿ ಒಂದೇ ಉತ್ತರವಿತ್ತು: ಸೌದೆ ಒಲೆಯ ಮೇಲಿನ ಅಟ್ಟ. ಹಗಲಿಡೀ ಉರಿಯುವ ಒಲೆಯ ಬಿಸಿ ಮತ್ತು ಹೊಗೆ ಮೇಲೇರಿ, ಅಲ್ಲಿಟ್ಟ ಬೀಜ, ಒಣಮೆಣಸು, ಮಾಂಸ, ಸೌದೆ ಎಲ್ಲವನ್ನೂ ಒಣಗಿಸುತ್ತಿತ್ತು. ಹೊಗೆಯಲ್ಲಿರುವ ಕೆಲವು ಅಂಶಗಳು ಶಿಲೀಂಧ್ರವನ್ನೂ ಹುಳುವನ್ನೂ ತಡೆಯುತ್ತವೆ. ಗ್ಯಾಸ್ ಒಲೆ ಬಂದು ಹೊಗೆಯ ಕಾಟ ತಪ್ಪಿದ್ದು ಅಡುಗೆ ಮಾಡುವವರ ಶ್ವಾಸಕೋಶಕ್ಕೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಟ್ಟ ಮಾಡುತ್ತಿದ್ದ ಕೆಲಸವನ್ನು ಈಗ ಬಿಗಿ ಮುಚ್ಚಳದ ಡಬ್ಬಗಳೇ ಮಾಡಬೇಕು.

ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲನ್ನು ತೆರೆಯದೇ ಬಿಟ್ಟರೆ ಒಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಅಷ್ಟರೊಳಗೆ ಮೊದಲು ಖರ್ಚು ಮಾಡಬೇಕಾದದ್ದು ಮೀನು-ಮಾಂಸ, ಹಾಲು ಮತ್ತು ತೆಂಗಿನಕಾಯಿ ಹಾಕಿದ ಪದಾರ್ಥಗಳು. ಉಳಿದ ಅನ್ನವನ್ನು ಪಾತ್ರೆಯಲ್ಲಿ ಹಾಗೆಯೇ ಬೆಚ್ಚಗೆ ಬಿಟ್ಟು ಮರುದಿನ ಒಗ್ಗರಣೆ ಹಾಕುವುದು ಸರಿಯಲ್ಲ. ಕುದಿಗೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನ ಉಳಿದರೆ ಅಗಲ ತಟ್ಟೆಯಲ್ಲಿ ಹರಡಿ ಬೇಗ ತಣಿಸಿ ತಂಪಿನಲ್ಲಿಡಬೇಕು.

ಚಳಿಗೆ ದೋಸೆ-ಇಡ್ಲಿ ಹಿಟ್ಟು ಉಬ್ಬದಿರುವುದು ಮಾಕುಟ್ಟಕ್ಕಿಂತ ಘಾಟಿ ಮೇಲಿನ ವಿರಾಜಪೇಟೆ, ಮಡಿಕೇರಿಗಳಲ್ಲಿ ಹೆಚ್ಚು. ಹಿಟ್ಟನ್ನು ಉಬ್ಬಿಸುವುದು ಉದ್ದಿನ ಬೇಳೆಯ ಜೊತೆಗೇ ಬರುವ ಲ್ಯೂಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು. ಅವು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ, ಉದ್ದಿನ ಅಂಟು ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. 28-30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಸಾಕಾದದ್ದಕ್ಕೆ 18-20 ಡಿಗ್ರಿಯಲ್ಲಿ ಅದರ ಎರಡರಷ್ಟು ಹೊತ್ತು ಬೇಕಾಗಬಹುದು. ಹಾಗಾಗಿ ಮೊದಲ ಉಪಾಯ ಬೇಗ ರುಬ್ಬುವುದು. ರಾತ್ರಿ ಒಂಬತ್ತಕ್ಕೆ ರುಬ್ಬಿ ಬೆಳಿಗ್ಗೆ ಏಳಕ್ಕೆ ಇಡ್ಲಿ ಬೇಕೆಂದರೆ ಜುಲೈ ತಿಂಗಳಲ್ಲಿ ಆಗದು, ಮಧ್ಯಾಹ್ನವೇ ರುಬ್ಬಬೇಕು. ಬೇಳೆಯ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕುವುದು, ನೆನೆಸಿದ ನೀರನ್ನೇ ರುಬ್ಬಲು ಬಳಸುವುದು, ರುಬ್ಬಿದ ಹಿಟ್ಟನ್ನು ಕೈಯಿಂದ ಚೆನ್ನಾಗಿ ಕಲಸುವುದು, ಇವು ಮೂರೂ ಪ್ರಯೋಜನಕ್ಕೆ ಬರುತ್ತವೆ. ಪಾತ್ರೆಯನ್ನು ಬೆಚ್ಚನೆ ನೀರು ತುಂಬಿದ ಇನ್ನೊಂದು ಅಗಲ ಪಾತ್ರೆಯಲ್ಲಿ ಕೂರಿಸಿ, ಮೇಲೊಂದು ಗೋಣಿ ಅಥವಾ ಹಳೇ ಕಂಬಳಿ ಹೊದಿಸಬೇಕು. ನೀರು ಬೆಚ್ಚಗಿರಬೇಕೇ ಹೊರತು ಸುಡಬಾರದು. ಸುಡುನೀರಿಗೆ ಬ್ಯಾಕ್ಟೀರಿಯಾ ಸತ್ತು ಹಿಟ್ಟು ಎರಡು ದಿನವಾದರೂ ಹಾಗೆಯೇ ಕೂತಿರುತ್ತದೆ. ಏನೂ ಆಗದಿದ್ದಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಇಡ್ಲಿ ಬೇಯಿಸಬಹುದು, ಆದರೆ ಹುಳಿ ಬಂದ ರುಚಿ ಅದಕ್ಕೆ ಬರದು.

ಮೊಸರಿಗೂ ಇದೇ ಮಾತು. ಕಾಯಿಸಿದ ಹಾಲು ಬೆರಳಿಗೆ ಹಿತವಾದ ಬಿಸಿಗೆ, ಎಂದರೆ 40-45 ಡಿಗ್ರಿಗೆ, ಇಳಿದಾಗ ಹೆಪ್ಪು ಹಾಕಬೇಕು. ತೀರಾ ತಣ್ಣಗಾದ ಹಾಲಿಗೆ ಹೆಪ್ಪು ಹಾಕಿದರೆ ಲೋಳೆಯಾಗುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹುದುಗಿಸಿಡುವುದು ಬಿಸಿ ಕಾಪಾಡುವ ಸುಲಭ ದಾರಿ. ಹೆಪ್ಪಿಗೆ ಮೊಸರೇ ಇಲ್ಲದಾಗ ತೊಟ್ಟು ಇರುವ ಎರಡು ಹಸಿಮೆಣಸಿನಕಾಯಿಯನ್ನು ಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿಟ್ಟರೆ ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳಿಂದ ಹಾಲು ಹೆಪ್ಪಾಗುವುದುಂಟು. ಮೊದಲ ಸಲದ್ದು ತೆಳ್ಳಗಿರುತ್ತದೆ, ಅದನ್ನೇ ಹೆಪ್ಪಾಗಿ ಬಳಸಿದರೆ ಮುಂದಿನದು ಗಟ್ಟಿಯಾಗುತ್ತದೆ.

ಬೇಳೆಕಾಳು ಬೇಯದಿರುವುದಕ್ಕೆ ಎತ್ತರವೂ ಒಂದು ಕಾರಣ. ಸುಮಾರು ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ಇಳಿಯುತ್ತದೆ. ಘಾಟಿಯ ಬುಡದಲ್ಲಿ ನೂರು ಡಿಗ್ರಿಯ ಹತ್ತಿರ ಕುದಿಯುವ ನೀರು 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಡಲೆ, ಅಲಸಂದೆ ಬೇಯಲು ಅಲ್ಲಿ ಹೆಚ್ಚು ಹೊತ್ತು ಬೇಕು. ಒಳಗಿನ ಉಷ್ಣತೆಯನ್ನು 120 ಡಿಗ್ರಿಯ ಹತ್ತಿರ ಒಯ್ಯುವ ಕುಕ್ಕರು ಬೆಟ್ಟದ ಊರುಗಳಿಗೆ ವರವಾದದ್ದು ಇದರಿಂದ. ಕುಕ್ಕರಿನಲ್ಲಿ ಬೇಳೆ ಅರ್ಧಕ್ಕಿಂತ ಮೇಲೆ ತುಂಬಬಾರದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗಿ ಸೀಟಿಯ ರಂಧ್ರ ಕಟ್ಟಿಕೊಳ್ಳುವುದಿಲ್ಲ. ಇನ್ನೊಂದು ಕಾರಣ ಕಾಳಿನ ವಯಸ್ಸು. ಬಿಸಿ ಮತ್ತು ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಇಟ್ಟ ಕಾಳು ಒಳಗೇ ಗಟ್ಟಿಯಾಗುತ್ತದೆ, ಎಷ್ಟು ನೆನೆಸಿದರೂ ಮೊದಲಿನಂತೆ ಬೇಯುವುದಿಲ್ಲ. ಮಳೆಗಾಲಕ್ಕೆಂದು ಒಂದೇ ಸಲ ದೊಡ್ಡ ಚೀಲ ಕೊಳ್ಳುವವರು ಇದನ್ನು ನೆನಪಿಡಬೇಕು. ಉಪ್ಪು ಹಾಕಿದರೆ ಕಾಳು ಬೇಯದು ಎಂಬ ನಂಬಿಕೆ ಮಾತ್ರ ಸರಿಯಲ್ಲ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಬೇಯದಂತೆ ಮಾಡುವುದು ಹುಳಿ.

ಹುಳಿಯ ಮಾತು ಬಂದರೆ ಕೊಡಗಿನಲ್ಲಿ ಕಾಚಂಪುಳಿಯ ಹತ್ತಿರ ನಿಲ್ಲಬೇಕು. ಮಲೆನಾಡಿನ ಇತರೆಡೆ ಉಪ್ಪಾಗೆ ಎಂದು ಕರೆಯುವ, ಗಾರ್ಸಿನಿಯಾ ಗಮ್ಮಿಗುಟ್ಟಾ ಎಂಬ ಶಾಸ್ತ್ರೀಯ ಹೆಸರಿನ ಮರದ ಹಣ್ಣು ಇದರ ಮೂಲ. ಚಿಕ್ಕ ಕುಂಬಳದಂತೆ ಏಣುಗಳಿರುವ ಈ ಹಣ್ಣು ಹಳದಿಯಾಗಿ ಮಾಗಿ ಉದುರುವುದು ಮಳೆಯ ನಡುವೆ. ಬಿಸಿಲಿನಲ್ಲಿ ಒಣಗಿಸಿಡೋಣವೆಂದರೆ ಬಿಸಿಲೇ ಇಲ್ಲ. ಈ ಒಂದೇ ತೊಡಕಿಗೆ ಮಾಕುಟ್ಟದ ಗಡಿಯ ಎರಡು ಬದಿಯಲ್ಲಿ ಎರಡು ಬಗೆಯ ಪರಿಹಾರ ಬೆಳೆದಿದೆ. ಕೇರಳದ ಕಡೆ ಬೀಜ ತೆಗೆದ ಸಿಪ್ಪೆಯನ್ನು ಹೊಗೆಯಲ್ಲಿ ಕಪ್ಪಾಗುವವರೆಗೆ ಒಣಗಿಸಿ ಕೊಡಂಪುಳಿ ಮಾಡುತ್ತಾರೆ, ಮೀನುಸಾರಿಗೆ ಅದೇ ಹುಳಿ. ಕೊಡಗಿನ ಕಡೆ ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಡುತ್ತಾರೆ. ಕೊಳೆಯುತ್ತ ಬಂದ ಹಣ್ಣಿನಿಂದ ರಸ ಹನಿಹನಿಯಾಗಿ ಇಳಿಯುತ್ತದೆ. ಆ ರಸವನ್ನು ಒಲೆಯ ಮೇಲೆ ನೀರು ಆರುವವರೆಗೆ ಕಾಯಿಸಿದರೆ ಕಪ್ಪಗೆ, ಮಂದವಾಗಿ, ನಾಲಿಗೆ ಕಚ್ಚುವಷ್ಟು ಹುಳಿಯಾದ ಕಾಚಂಪುಳಿ ಸಿದ್ಧ. ನೀರಿನಂಶ ಕಡಿಮೆ, ಆಮ್ಲ ಹೆಚ್ಚು ಇರುವುದರಿಂದ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಅದರಲ್ಲಿ ಬದುಕಲಾಗದು. ಬಾಟಲಿಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ. ಮಳೆನಾಡಿನ ಅಡುಗೆ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾಚಂಪುಳಿಯನ್ನು ಗಾಜಿನ ಬಾಟಲಿಯಲ್ಲೋ ಪಿಂಗಾಣಿ ಭರಣಿಯಲ್ಲೋ ಇಡಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಅದರ ಆಮ್ಲ ಕೊರೆಯುತ್ತದೆ, ಲೋಹದ ಅಂಶ ಅಡುಗೆಗೆ ಸೇರುತ್ತದೆ. ಹಂದಿಮಾಂಸದ ಪಂದಿಕರಿಗೆ ಕಾಚಂಪುಳಿ ಹಾಕುವುದು ಮಾಂಸ ಬೆಂದ ಮೇಲೆ, ಇಳಿಸಲು ಸ್ವಲ್ಪ ಹೊತ್ತಿರುವಾಗ. ಕಿಲೋ ಮಾಂಸಕ್ಕೆ ಒಂದೆರಡು ಚಮಚದಿಂದ ಶುರುಮಾಡಿ, ರುಚಿ ನೋಡಿಯೇ ಮುಂದಿನದನ್ನು ಹಾಕಬೇಕು. ತರಕಾರಿ ಮತ್ತು ಕಾಳಿನ ವಿಷಯದಲ್ಲಿ ಈ ಕ್ರಮ ಇನ್ನೂ ಮುಖ್ಯ. ಸಸ್ಯದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಹುಣಸೆರಸ, ಟೊಮೆಟೊ, ಕಾಚಂಪುಳಿ ಯಾವುದೇ ಆಗಲಿ, ಬೇಳೆ ಬೇಯುವ ಮೊದಲೇ ಬಿದ್ದರೆ ಒಂದು ತಾಸು ಕುದಿಸಿದರೂ ಕಾಳು ಕಲ್ಲಿನಂತೆ ಉಳಿಯುತ್ತದೆ. ಅದೇ ಗುಣವನ್ನು ಬೇಕಾದಲ್ಲಿ ಬಳಸಿಕೊಳ್ಳಲೂಬಹುದು. ಹೋಳು ಕರಗಿಹೋಗಬಾರದು ಎನಿಸುವ ಸಿಹಿಕುಂಬಳ, ಆಲೂಗಡ್ಡೆಗಳಿಗೆ ಅರ್ಧ ಬೆಂದಾಗಲೇ ಹುಳಿ ಹಾಕಿದರೆ ಆಕಾರ ನಿಲ್ಲುತ್ತದೆ. ಬೆಂಡೆಕಾಯಿಯ ಲೋಳೆಯೂ ಹುಳಿಗೆ ತಗ್ಗುತ್ತದೆ. ಬೇಯದ ಕಾಳಿಗೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ, ಆದರೆ ಅದರಲ್ಲಿರುವ ಬಿ1 ಜೀವಸತ್ವ ನಾಶವಾಗುತ್ತದೆ. ತುರ್ತಿಗೆ ಒಂದು ಚಿಟಿಕೆ ಸಾಕು.

ಕಣ್ಣೂರು ಕರಾವಳಿಯ ಮೀನು ಮಾಕುಟ್ಟಕ್ಕೆ ದೂರವಲ್ಲ. ಮೀನಿನ ವಾಸನೆಗೆ ಕಾರಣವಾದ ಅಮೈನುಗಳು ಕ್ಷಾರ ಗುಣದವು. ಹುಳಿ ಸೋಕಿದರೆ ಅವು ಲವಣವಾಗಿ ಮಾರ್ಪಟ್ಟು ಗಾಳಿಗೆ ಹಾರುವುದು ನಿಲ್ಲುತ್ತದೆ. ಹೆಚ್ಚಿದ ಮೀನನ್ನು ಉಪ್ಪು, ಅರಿಸಿನ ಮತ್ತು ನಿಂಬೆರಸ ಸವರಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯುವುದು, ಪಾತ್ರೆ ಮತ್ತು ಕೈಯನ್ನು ಹುಣಸೆಹಣ್ಣಿನ ಚರಟದಿಂದ ಉಜ್ಜುವುದು, ಎರಡೂ ಇದೇ ಕಾರಣಕ್ಕೆ ಫಲ ಕೊಡುತ್ತವೆ. ಸಾರಿನಲ್ಲಿ ಮೀನು ಪುಡಿಯಾಗದಿರಲು ಸೌಟು ಹಾಕದೆ, ಮಣ್ಣಿನ ಚಟ್ಟಿಯ ಅಂಚನ್ನು ಬಟ್ಟೆಯಿಂದ ಹಿಡಿದು ಸುತ್ತ ತಿರುಗಿಸಬೇಕು. ಹೊಸ ಚಟ್ಟಿಯಾದರೆ ಒಂದು ದಿನ ನೀರಿನಲ್ಲಿ ನೆನೆಸಿ, ಆಮೇಲೆ ಗಂಜಿ ತಿಳಿಯನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಕುದಿಸಿದರೆ ಪಿಷ್ಟ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿ ಸೋರುವುದೂ ಸೀಳುವುದೂ ಕಡಿಮೆಯಾಗುತ್ತದೆ.

ಅಕ್ಕಿಯ ಅಡುಗೆಯಲ್ಲಿ ಮುಖ್ಯ ತೊಂದರೆ ಬಿರುಕು. ಅಕ್ಕಿಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆದು ಹಿಡಿಯುವ ಅಂಟಿಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಉಬ್ಬಿ ಅಂಟಾಗುವುದೇ ಅದಕ್ಕೆ ಆಧಾರ. ಕೊಡಗಿನ ಅಕ್ಕಿರೊಟ್ಟಿಯಾದ ‘ಅಕ್ಕಿ ಒಟ್ಟಿ’ ಮಾಡುವಾಗ ಬೆಂದ ಅನ್ನವನ್ನು ಹಿಟ್ಟಿನ ಜೊತೆ ನಾದುವುದು ಈ ಅಂಟಿಗಾಗಿ. ಅನ್ನ ಬೆಚ್ಚಗಿರುವಾಗಲೇ ನಾದಬೇಕು, ತಣ್ಣಗಿನ ಅನ್ನ ಕಾಳುಕಾಳಾಗಿ ಉಳಿಯುತ್ತದೆ. ಕಡಂಬುಟ್ಟಿಗೆ ಅಕ್ಕಿ ತರಿಯನ್ನು ಕುದಿಯುವ ನೀರಿನಲ್ಲಿ ಕೆದಕಿ, ಮುಚ್ಚಿ ಹತ್ತು ನಿಮಿಷ ಬಿಟ್ಟು, ಕೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಿದರೆ ಆವಿಯಲ್ಲಿ ಒಡೆಯುವುದಿಲ್ಲ.

ಹದ ತಪ್ಪಿದ ಅಡುಗೆಯ ಉಪಾಯಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಉಪ್ಪು ಹೆಚ್ಚಾದ ಸಾರಿಗೆ ಆಲೂಗಡ್ಡೆ ಹಾಕುವುದು. ಆಲೂಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ. ಉಪ್ಪಾದ ನೀರನ್ನೇ ಹೀರಿಕೊಳ್ಳುತ್ತದೆ, ಉಳಿದ ಸಾರಿನ ಉಪ್ಪು ಅಷ್ಟೇ ಇರುತ್ತದೆ. ಆದ್ದರಿಂದ ಉಪ್ಪಿಲ್ಲದ ಬೇಳೆ, ತೆಂಗಿನಹಾಲು, ನೀರು ಯಾವುದಾದರೂ ಸೇರಿಸಿ ಪ್ರಮಾಣ ಹೆಚ್ಚಿಸುವುದೇ ನೇರ ದಾರಿ. ತುಸು ಹುಳಿ, ತುಸು ಬೆಲ್ಲ ನಾಲಿಗೆಗೆ ಉಪ್ಪನ್ನು ಮರೆಸುತ್ತವೆ. ಖಾರ ಹೆಚ್ಚಾದರೆ ನೀರು ಸುರಿದು ಲಾಭವಿಲ್ಲ, ಮೆಣಸಿನ ಖಾರ ಕರಗುವುದು ಕೊಬ್ಬಿನಲ್ಲಿ. ತೆಂಗಿನಹಾಲು, ಮೊಸರು, ತುಪ್ಪ ಅದಕ್ಕೆ ಮದ್ದು. ಗಾಂಧಾರಿ ಮೆಣಸು ಹೆಚ್ಚಿ ಕೈ ಉರಿಯುವಾಗಲೂ ಮೊದಲು ಎಣ್ಣೆ, ಆಮೇಲೆ ಸೋಪು. ತಳ ಹಿಡಿದ ಸಾರನ್ನು ಕದಡಬಾರದು, ಕೆರೆಯಬಾರದು. ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಬೆಲ್ಲದ ಪಾಯಸದಲ್ಲಿ ಹಾಲು ಒಡೆಯುವುದು ಬೆಲ್ಲದ ಹುಳಿಗೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ, ಪಾಯಸ ಒಲೆಯಿಂದ ಇಳಿದು ಸ್ವಲ್ಪ ಆರಿದ ಮೇಲೆ ಸೇರಿಸಿದರೆ ಒಡೆಯುವುದಿಲ್ಲ. ತೆಂಗಿನಹಾಲಿನ ಗಟ್ಟಿ ಭಾಗವನ್ನೂ ಹೀಗೆಯೇ ಕೊನೆಗೆ ಹಾಕಬೇಕು.

ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಎಂಬುದು ಎಲ್ಲರೂ ಬಲ್ಲ ಮಾತು. ಕತ್ತಿಗೆ, ಕೈಗೆ ಮೊದಲೇ ಹಚ್ಚಿಕೊಂಡರೆ ಅಂಟುವುದೇ ಇಲ್ಲ, ಅಂಟಿದ ಮೇಲೂ ನೀರಿನಿಂದಲ್ಲ, ಎಣ್ಣೆಯಿಂದಲೇ ಬಿಡಿಸಬೇಕು. ಎಳೆ ಹಲಸು, ಬಾಳೆಹೂವು, ಬಾಳೆದಿಂಡು ಹೆಚ್ಚಿದ ಕೂಡಲೇ ಕಪ್ಪಾಗುವುದು ಗಾಳಿ ಸೋಕಿ. ಹುಳಿ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಮುಳುಗಿಸಿದರೆ ಗಾಳಿಯೂ ತಪ್ಪುತ್ತದೆ, ಕಪ್ಪಾಗಿಸುವ ಕಿಣ್ವವೂ ಹುಳಿಗೆ ಸುಮ್ಮನಾಗುತ್ತದೆ.

ಮಳೆಗಾಲದಲ್ಲಿ ತೋಟ ಮತ್ತು ಕಾಡಂಚಿನಿಂದ ಬರುವ ಪದಾರ್ಥಗಳಿಗೆ ಹೆಚ್ಚಿನ ಎಚ್ಚರ ಬೇಕು. ಕೆಸದ ಎಲೆ, ದಂಟು, ಗೆಡ್ಡೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಗಂಟಲು ಕೆರೆಯುವುದು ಅವು ಚುಚ್ಚುವುದರಿಂದ. ಒಣ ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುವುದು, ಹುಣಸೆ ಅಥವಾ ಕಾಚಂಪುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸುವುದು ಹಿರಿಯರ ಕ್ರಮ. ಅರೆಬೆಂದ ಕೆಸ ಯಾವ ಹುಳಿಗೂ ಬಗ್ಗುವುದಿಲ್ಲ.

ಕೊಡವರು ಬೈಂಬಳೆ ಎನ್ನುವ ಕಣಿಲೆಯಲ್ಲಿರುವುದು ಬರೀ ಕಹಿಯಲ್ಲ. ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ, ಹೆಚ್ಚಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷ ಹೊರಬರುತ್ತದೆ. ಈ ವಿಷ ನೀರಿನಲ್ಲಿ ಕರಗುತ್ತದೆ. ಸುಮಾರು 26 ಡಿಗ್ರಿಗೇ ಕುದಿಯುವುದರಿಂದ ಬಿಸಿಗೆ ಬೇಗ ಹಾರಿಹೋಗುತ್ತದೆ. ಹಳೆಯ ಪದ್ಧತಿ ಪೂರ್ತಿ ಸರಿಯಾಗಿರುವುದು ಇಲ್ಲೇ. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ಎರಡು-ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಾಯಿಸಿ, ಆಮೇಲೆ ಕುದಿಸಿ ಆ ನೀರನ್ನು ಚೆಲ್ಲುತ್ತಾರೆ. ಸಣ್ಣಗೆ ಹೆಚ್ಚಿದಷ್ಟೂ ವಿಷ ಬೇಗ ಬಿಡುತ್ತದೆ. ಕುದಿಸುವಾಗ ಮುಚ್ಚಳ ಮುಚ್ಚಬಾರದು, ಮುಚ್ಚಿದರೆ ಹಾರಬೇಕಾದದ್ದು ಹನಿಯಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ. ಹೊತ್ತಿಲ್ಲವೆಂದು ಹಸಿ ಕಣಿಲೆಯನ್ನು ನೇರ ಕುಕ್ಕರಿಗೆ ಹಾಕುವುದು ತಪ್ಪು. ಗಡಿಯ ಎರಡೂ ಕಡೆ ಬೆಳೆಯುವ ಮರಗೆಣಸಿಗೂ ಇದೇ ನಿಯಮ: ಒಳಸಿಪ್ಪೆ ಸಮೇತ ಸುಲಿದು, ಹೋಳು ಮಾಡಿ, ಹೆಚ್ಚು ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ ನೀರು ಬಸಿಯಬೇಕು. ಕಹಿ ಹತ್ತಿದ ಗೆಣಸನ್ನು ತಿನ್ನಬಾರದು.

ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ, ಪುಟ್ಟು ಮಾಡುತ್ತಾರೆ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ. ಹೊರ ಊರಿನಿಂದ ಬಂದ ನೆಂಟರಿಗೆ ಮೊದಲೇ ಹೇಳಿದರೆ ಗಾಬರಿ ತಪ್ಪುತ್ತದೆ.

ಅಣಬೆಗೆ ಮಾತ್ರ ಯಾವ ಮನೆ ಉಪಾಯವೂ ಇಲ್ಲ. ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ, ಬೆಳ್ಳುಳ್ಳಿ ಅಥವಾ ಅಕ್ಕಿಯ ಬಣ್ಣ ಬದಲಾದರೆ ವಿಷ, ಅರಿಸಿನ ಹಾಕಿದರೆ ವಿಷ ಹೋಗುತ್ತದೆ, ಹುಳ ತಿಂದದ್ದಾದರೆ ಮನುಷ್ಯರೂ ತಿನ್ನಬಹುದು, ಈ ಮಾತುಗಳೆಲ್ಲ ಸುಳ್ಳು. ಅತ್ಯಂತ ಮಾರಕ ಅಣಬೆಗಳಲ್ಲಿರುವ ಅಮಟಾಕ್ಸಿನ್ ಕುದಿಸಿದರೂ ಹುರಿದರೂ ಒಣಗಿಸಿದರೂ ಉಳಿಯುತ್ತದೆ, ಬೆಳ್ಳಿಯನ್ನು ಕಪ್ಪುಮಾಡುವುದೂ ಇಲ್ಲ. ತಿಂದ 6ರಿಂದ 24 ಗಂಟೆಯ ನಂತರ ವಾಂತಿ-ಭೇದಿ ಶುರುವಾಗುತ್ತದೆ, ಆಮೇಲೆ ಒಂದು ದಿನ ಗುಣವಾದಂತೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ವರ್ಷವರ್ಷವೂ ಅದೇ ಜಾಗದಲ್ಲಿ ಏಳುವ, ಮನೆಯ ಹಿರಿಯರು ನಿಸ್ಸಂಶಯವಾಗಿ ಗುರುತಿಸುವ ಅಣಬೆಯನ್ನಷ್ಟೇ ಅಡುಗೆಗೆ ತರಬೇಕು. ತುಸು ಅನುಮಾನವಿದ್ದರೂ ಎಸೆಯಬೇಕು. ಅಣಬೆ ತಿಂದವರಿಗೆ ಹೊಟ್ಟೆ ಕೆಟ್ಟರೆ ಮಜ್ಜಿಗೆ, ನಿಂಬೆಹುಳಿ ಎಂದು ಹೊತ್ತು ಕಳೆಯಬೇಡಿ. ಘಾಟಿಯಲ್ಲಿ ಮಳೆ ಎಷ್ಟೇ ಇರಲಿ, ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಅಣಬೆಯ ಒಂದು ತುಂಡನ್ನೂ ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಿರಿ.